ಮುಟ್ಟದೇ ಬಿಟ್ಟ ಗುಂಡಿ

ಪುಣೆಗೆ ಬಂದ ಹೊಸತರಲ್ಲಿ ಮನೆ ಬಾಡಿಗೆಗೆ ಕೊಡುವವರಿಂದ ಹಿಡಿದು ಪಕ್ಕದ ಮೇಜಿನ ಸಹೋದ್ಯೋಗಿಯವರೆಗೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೂಳ ಗಾವ್ ಕುಠಲಂ?" ಮೂಲ ಊರು ಯಾವುದು? ಗದಗ ಜಿಲ್ಲೆ ಎಂದರೆ ಕೆಲವರಿಗೆ ತಿಳಿಯುತ್ತಿರಲಿಲ್ಲ. ಭೀಮಸೇನ ಜೋಶಿಯವರು ಹುಟ್ಟಿದ ಸೀಮೆ ಎಂದರೆ ಮುಖ ಅರಳುತ್ತಿತ್ತು, ಅಡ್ವಾನ್ಸ್ ಮಾತ್ರ ಕಡಿಮೆಯಾಗುತ್ತಿರಲಿಲ್ಲ. ಮರಾಠಿಯಲ್ಲಿ ವರ್ಗಮೂಳ, ಕನ್ನಡದಲ್ಲಿ ವರ್ಗಮೂಲ. ಊರಿಗೂ ಸಂಖ್ಯೆಗೂ ನಾವು ಒಂದೇ ಪದ ಬಳಸುತ್ತೇವೆ. ಈಗಿರುವುದು ಎಲ್ಲಿಂದ ಹುಟ್ಟಿತು ಎಂದು ಕೇಳುವ ಪದ ಅದು.

ಈ ಬರಹ ಕ್ಯಾಲ್ಕುಲೇಟರಿನಲ್ಲಿ ಮೂಲ ಹುಡುಕುವುದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಹುಡುಕಲು ಗೊತ್ತಿದ್ದೂ ನಾನು ಹುಡುಕದೇ ಇದ್ದ ಒಂದು ಸಂಜೆಯ ಬಗ್ಗೆ.

ನನ್ನ ಸೋದರಮಾವನದು ಊರಲ್ಲಿ ಕಿರಾಣಿ ಅಂಗಡಿ. ಗಲ್ಲೆಯ ಪಕ್ಕದಲ್ಲಿ ದೊಡ್ಡ ಗುಂಡಿಗಳ ಎಂಟಂಕಿಯ ಕ್ಯಾಲ್ಕುಲೇಟರ್ ಒಂದು ಇರುತ್ತಿತ್ತು. ಕೂಡಿಸುವ, ಗುಣಿಸುವ ಗುಂಡಿಗಳ ಮೇಲಿನ ಅಕ್ಷರ ಸವೆದು ಹೋಗಿದ್ದವು. ಒಂದೇ ಒಂದು ಗುಂಡಿ ಅಂಗಡಿಯಿಂದ ತಂದ ದಿನದಂತೆ ಹೊಸದಾಗಿ ಉಳಿದಿತ್ತು. ಅದರ ಮೇಲೆ √ ಎಂದು ಬರೆದಿತ್ತು. ಏಳನೆಯ ಇಯತ್ತೆಯಲ್ಲಿದ್ದಾಗ ನಾನು ಕೇಳಿದ್ದೆ, "ಮಾಮಾ, ಈ ಗುಂಡಿ ಯಾಕ ಒತ್ತಂಗಿಲ್ಲ ನೀ?" ಅವನು ಬೆಲ್ಲ ತೂಗುತ್ತಾ ಹೇಳಿದ, "ಅಂಗಡ್ಯಾಗ ಅದರದ್ದೇನು ಕೆಲಸ ಇಲ್ಲಪಾ. ಅದು ಸಾಲಿ ಕಲತವರ ಗುಂಡಿ."

ಮುಂದೆ ನಾನು ಸಾಲಿ ಕಲಿತೆ. ಪುಣೆಯಲ್ಲಿ ಜನರ ಹೂಡಿಕೆಯ ಲೆಕ್ಕ ನೋಡುವ ಕೆಲಸಕ್ಕೆ ಸೇರಿದೆ. ದೀಪಾವಳಿಗೆ ಊರಿಗೆ ಹೋದಾಗ ಮಾಮ ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದ. ಐದು ಲಕ್ಷ ಕೂಡಿದೆ, ಮಗಳ ನರ್ಸಿಂಗ್ ಓದಿಗೆ ಎರಡು ಮೂರು ವರ್ಷದಲ್ಲಿ ಬೇಕಾಗುತ್ತದೆ, ಬ್ಯಾಂಕಿನಲ್ಲಿ ಎಫ್‌ಡಿ ಇಡಲೋ, ನೀವು ಪುಣೆಯವರು ಹೇಳುವ ಫಂಡಿನಲ್ಲಿ ಹಾಕಲೋ?

ಆಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫಂಡಿನ ನಾಲ್ಕು ವರ್ಷದ ಲೆಕ್ಕವಿತ್ತು. ನೆನಪಿಗೆ ಸುಲಭವಾಗಲೆಂದು ಅಂಕಿಗಳನ್ನು ಇಲ್ಲಿ ಕೊಂಚ ದುಂಡಗೆ ಮಾಡಿದ್ದೇನೆ: ಮೊದಲ ವರ್ಷ ಶೇ. 60 ಏರಿಕೆ, ಎರಡನೆಯ ವರ್ಷ ಶೇ. 30 ಇಳಿಕೆ, ಮತ್ತೆ ಶೇ. 60 ಏರಿಕೆ, ಮತ್ತೆ ಶೇ. 30 ಇಳಿಕೆ. ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸರಾಸರಿ ಶೇ. 15. ಹಾಳೆಯಲ್ಲಿ ಪಕ್ಕದ ಕಾಲಮ್ಮಿನಲ್ಲಿ ಇನ್ನೊಂದು ಅಂಕಿ ಇತ್ತು, ಶೇ. 5.83. ಅದು ಚಕ್ರಬಡ್ಡಿಯ ದರ. ನಾಲ್ಕು ವರ್ಷದಲ್ಲಿ ಹಣ ನಿಜವಾಗಿ ಎಷ್ಟು ಪಟ್ಟು ಆಯಿತೋ ಅದರ ನಾಲ್ಕನೆಯ ಮೂಲದಿಂದ ಬಂದದ್ದು.

ಮಾಮ ಕೇಳಿದ, "ವರ್ಷಕ್ಕ ಎಷ್ಟು ಬೆಳೀತದ ತಮ್ಮಾ?"

ನಾನು ಹೇಳಿದೆ, "ಸರಾಸರಿ ಹದಿನೈದು ಮಾಮಾ."

ಅಷ್ಟೇ. ಆ ಮಾತಿನಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ.

ಎರಡು ವರ್ಷ ಕಳೆಯಿತು. ಮೊದಲ ವರ್ಷ ಆ ಫಂಡು ಶೇ. 30 ಬಿತ್ತು, ಎರಡನೆಯ ವರ್ಷ ಶೇ. 30 ಎದ್ದಿತು. ಮಗಳ ಕಾಲೇಜಿನ ಫೀ ಕಟ್ಟಲು ಹಣ ಬಿಡಿಸಿದಾಗ ಕೈಗೆ ಬಂದದ್ದು ನಾಲ್ಕು ಲಕ್ಷ ಐವತ್ತೈದು ಸಾವಿರ. ಕಡಿಮೆ ಬಿದ್ದ ನಲವತ್ತೈದು ಸಾವಿರವನ್ನು ಮಾಮ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಕೈಗಡ ತಂದ. ನನಗೆ ಫೋನ್ ಮಾಡಿ ಜಗಳವಾಡಲಿಲ್ಲ. ಜಾತ್ರೆಗೆ ಹೋದಾಗ ಅಂಗಡಿಯಲ್ಲಿ ಕೂಡಿಸಿಕೊಂಡು, ಲೆಕ್ಕ ತಪ್ಪಿದ ಗಿರಾಕಿಯನ್ನು ವಿಚಾರಿಸುವ ಹಾಗೆ ಮೆತ್ತಗೆ ಕೇಳಿದ, "ಬಿದ್ದದ್ದು ಮೂವತ್ತು. ಎದ್ದದ್ದು ಮೂವತ್ತು. ಸರಾಸರಿ ಸೊನ್ನಿ ಆತಲ್ಲ? ಹಂಗಾರ ನನ್ನ ಐದು ಲಕ್ಷ ಐದು ಲಕ್ಷನ ಇರಬೇಕಿತ್ತು. ಉಳಿದದ್ದು ಎಲ್ಲಿ ಹೋತು?"

ನಾನು ಗಲ್ಲೆಯ ಪಕ್ಕದ ಕ್ಯಾಲ್ಕುಲೇಟರ್ ಎಳೆದುಕೊಂಡೆ. ಐದು ಲಕ್ಷದಲ್ಲಿ ಮೂವತ್ತು ಪಾಲು ಹೋದರೆ ಮೂರೂವರೆ ಲಕ್ಷ. ಎರಡನೆಯ ವರ್ಷ ಮೂವತ್ತು ಪಾಲು ಏರಿದ್ದು ಐದು ಲಕ್ಷದ ಮೇಲೆ ಅಲ್ಲ, ಉಳಿದ ಮೂರೂವರೆಯ ಮೇಲೆ. ಅದಕ್ಕೇ ನಾಲ್ಕು ಲಕ್ಷ ಐವತ್ತೈದು. ಆಮೇಲೆ 455000 ಅನ್ನು 500000ರಿಂದ ಭಾಗಿಸಿದೆ, 0.91 ಬಂತು. ಎರಡು ವರ್ಷವಾದ್ದರಿಂದ ಆ ಹೊಸದಾಗಿಯೇ ಉಳಿದಿದ್ದ ಗುಂಡಿಯನ್ನು ಒಂದು ಸಲ ಒತ್ತಿದೆ. 0.9539392. ಅಂದರೆ ವರ್ಷಕ್ಕೆ ಸುಮಾರು ಶೇ. 4.6ರಷ್ಟು ಕರಗಿದೆ.

ಮಾಮ ಪರದೆಯನ್ನು ಬಹಳ ಹೊತ್ತು ನೋಡಿದ. "ಈ ಗುಂಡಿ ಕೆಲಸ ಇದ ಏನು?" ಎಂದ. ಆಮೇಲೆ ಕೇಳಿದ, "ಇದು ನಿನಗ ಆವತ್ತ ಗೊತ್ತಿತ್ತೇನು?"

ಅಂಗಡಿಗೆ ಯಾರೋ ಬಂದು ಅರ್ಧ ಕೇಜಿ ರವೆ ಕೇಳಿದರು. ಮಾಮ ಎದ್ದು ತೂಗಿಕೊಟ್ಟು ಬಂದು ಕುಳಿತ. ಅಷ್ಟು ಹೊತ್ತು ನನಗೆ ಸಿಕ್ಕಿತ್ತು. "ಗೊತ್ತಿತ್ತು" ಎಂದೆ.

*

ಅಲ್ಲಿಂದೀಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಸರಿಯಾದ ಅಂಕಿಯೊಂದನ್ನು ಹೇಳಿ ಸುಳ್ಳು ಹೇಳಿದ ಹಾಗೆ ಆಗಬಹುದೇ?

ನನ್ನ ಪರವಾಗಿ ನಾನೇ ವಕೀಲನಾಗಿ ವಾದಿಸಿ ನೋಡಿದ್ದೇನೆ. ಮೊದಲ ವಾದ: ಸರಾಸರಿ ಎಂದೇ ಹೇಳಿದೆನಲ್ಲ, ಬೇರೇನೂ ಹೇಳಲಿಲ್ಲವಲ್ಲ. ಆದರೆ ಮಾಮ ಕೇಳಿದ್ದು ಏನು? ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂದು. ಆ ಪ್ರಶ್ನೆಗೆ ಉತ್ತರ ಮೂಲದಲ್ಲಿತ್ತು. ನಾನು ಉತ್ತರಿಸಿದ್ದು, ನಾಲ್ಕು ಅಂಕಿ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಎಷ್ಟು ಎಂಬ, ಯಾರೂ ಕೇಳದ ಪ್ರಶ್ನೆಗೆ. ನನ್ನ ಉತ್ತರವನ್ನು ಅವನು ತನ್ನ ಪ್ರಶ್ನೆಯದೆಂದು ತಿಳಿಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಸುಳ್ಳು ಅಂಕಿಯಲ್ಲಿ ಇರಲಿಲ್ಲ, ಅವನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಇತ್ತು. ಕೇಳುವವನು ಏನೆಂದು ತಿಳಿಯುತ್ತಾನೆ ಎಂಬುದು ಗೊತ್ತಿದ್ದೂ ತಿದ್ದದೇ ಬಿಡುವುದಕ್ಕೆ ನಮ್ಮೂರಿನಲ್ಲಿ ಬೇರೆ ಹೆಸರೇನೂ ಇಲ್ಲ.

ಎರಡನೆಯ ವಾದ: ಹಳ್ಳಿಯ ಅಂಗಡಿಯವನಿಗೆ ನಾಲ್ಕನೆಯ ಮೂಲ ಹೇಗೆ ವಿವರಿಸಲಿ? ಇದು ನನಗೆ ಅತಿ ಹೆಚ್ಚು ನಾಚಿಕೆ ತರುವ ವಾದ. ಮಾಮ ಮೂವತ್ತು ವರ್ಷದಿಂದ ಸಾಲ ತಂದವನು, ಉದ್ರಿ ಕೊಟ್ಟವನು. ಬಡ್ಡಿಗೆ ಬಡ್ಡಿ ಹೇಗೆ ಬೆಳೆಯುತ್ತದೆಂಬುದನ್ನು ಕಾಗದವಿಲ್ಲದೆ ಹೇಳಬಲ್ಲ. ಒಂದು ವರ್ಷದ ಹಣ ಹಿಂದಿನ ವರ್ಷದ ಹಣದ ಹೆಗಲ ಮೇಲೆ ನಿಲ್ಲುತ್ತದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮೂಲವೆಂದರೆ ಅದನ್ನೇ ಹಿಂದಕ್ಕೆ ನಡೆದು ನೋಡುವುದು. ಇನ್ನು ಆ ಲೆಕ್ಕಕ್ಕೆ ಯಂತ್ರ ಬೇಕೆಂದರೆ ಅದೂ ಅವನ ಗಲ್ಲೆಯಲ್ಲೇ ಇತ್ತು. ನಾಲ್ಕು ವರ್ಷದಲ್ಲಿ ಹಣ 1.2544 ಪಟ್ಟು ಆಗಿದ್ದರೆ √ ಗುಂಡಿಯನ್ನು ಎರಡು ಸಲ ಒತ್ತಿದರೆ ಮುಗಿಯಿತು. ಮೊದಲ ಸಲ 1.12, ಎರಡನೆಯ ಸಲ 1.0583. ಹತ್ತು ಸೆಕೆಂಡಿನ ಕೆಲಸ. ಬ್ಯಾಂಕಿನವರು ಶೇ. 7 ಕೊಡುತ್ತಿದ್ದ ಹೊತ್ತಿನಲ್ಲಿ ಈ ಒಂದು ಅಂಕಿ ಕಂಡಿದ್ದರೆ ಅವನು ನನ್ನನ್ನು ಇನ್ನೊಂದು ಮಾತೂ ಕೇಳುತ್ತಿರಲಿಲ್ಲ.

ಮೂರನೆಯ ವಾದ: ಎಲ್ಲರೂ ಹೀಗೇ ಹೇಳುತ್ತಾರೆ, ಇದೊಂದು ಸಣ್ಣ ಅಂದಾಜು. ಇದಕ್ಕೆ ಗಣಿತವೇ ಉತ್ತರ ಕೊಡುತ್ತದೆ. ಏರಿಳಿತವಿದ್ದಲ್ಲಿ ಸರಾಸರಿ ಯಾವಾಗಲೂ ಮೂಲಕ್ಕಿಂತ ಹೆಚ್ಚೇ ಇರುತ್ತದೆ. ಪ್ರತಿ ವರ್ಷವೂ ಒಂದೇ ದರವಿದ್ದರೆ ಮಾತ್ರ ಎರಡೂ ಸಮ. ಏರಿಳಿತ ಹೆಚ್ಚಾದಷ್ಟೂ ಇವುಗಳ ನಡುವಿನ ಕಂದಕ ಹೆಚ್ಚು. ಹಾಗೆಂದರೆ ಅಪಾಯ ಹೆಚ್ಚಿರುವ ಕಡೆಗೇ ಸರಾಸರಿ ಹೆಚ್ಚು ಹೊಗಳುತ್ತದೆ. ಒಮ್ಮೆ ಆಚೆ, ಒಮ್ಮೆ ಈಚೆ ವಾಲುವುದು ಅಂದಾಜು. ಸದಾ ಮಾರುವವನ ಕಡೆಗೇ ವಾಲುವ ತಕ್ಕಡಿಯನ್ನು ಯಾರೂ ಅಂದಾಜು ಎನ್ನುವುದಿಲ್ಲ.

ಮಾಮ ಇದನ್ನು ತನ್ನ ಭಾಷೆಯಲ್ಲಿ ಹೇಳಿದ: "ಒಬ್ಬಗ ನೂರು ಗ್ರಾಂ ಕಡಿಮಿ ತೂಗಿ, ಇನ್ನೊಬ್ಬಗ ನೂರು ಗ್ರಾಂ ಜಾಸ್ತಿ ತೂಗಿ, ಸರಾಸರಿ ಬರೋಬ್ಬರಿ ಅದ ಅಂತ ಹೇಳಿದ್ರ ಮಂದಿ ನನ್ನ ಅಂಗಡಿಗೆ ಬರ್ತಾರೇನು?"

*

ಲೆಕ್ಕದಲ್ಲಿ ಪ್ರಾಮಾಣಿಕತೆ ಎಂದರೇನು ಎಂದು ಯೋಚಿಸುವಾಗ ನನಗೆ ನಮ್ಮ ಹಳಬರು ನೆನಪಾಗುತ್ತಾರೆ. ಅವರನ್ನು ಹೊಗಳಿ ಎದೆಯುಬ್ಬಿಸುವುದಕ್ಕಲ್ಲ, ಅವರು ಬಳಸಿದ ಒಂದೆರಡು ಪದಗಳಿಗಾಗಿ. ಶುಲ್ಬಸೂತ್ರಗಳಲ್ಲಿ ಎರಡರ ವರ್ಗಮೂಲಕ್ಕೆ ಒಂದು ಬೆಲೆ ಬರುತ್ತದೆ. ಈಗಿನ ಭಿನ್ನರಾಶಿಯಲ್ಲಿ ಬರೆದರೆ 577/408, ಅಂದರೆ 1.4142157. ಯಜ್ಞವೇದಿ ಕಟ್ಟುವವರಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನಿಖರ. ಆದರೂ ಆ ಬೆಲೆಯ ಜೊತೆ 'ಸವಿಶೇಷ' ಎಂಬ ಪದ ಇದೆ. ಏನೋ ಒಂದಿಷ್ಟು ಹೆಚ್ಚುಕಡಿಮೆ ಉಳಿದಿದೆ ಎಂಬುದನ್ನು ಒಪ್ಪಿಕೊಳ್ಳುವ ಪದ ಅದು ಎಂದು ಹಲವು ವಿದ್ವಾಂಸರು ಅರ್ಥ ಮಾಡುತ್ತಾರೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ವರ್ಗಮೂಲ, ಘನಮೂಲ ತೆಗೆಯುವ ಕ್ರಮವಿದೆ. ಅದೇ ಪುಸ್ತಕದಲ್ಲಿ ವೃತ್ತದ ಪರಿಧಿಯ ಲೆಕ್ಕ ಕೊಡುವಾಗ ಆರ್ಯಭಟ 'ಆಸನ್ನ' ಎನ್ನುತ್ತಾನೆ. ಹತ್ತಿರ ಬಂದಿದೆ, ತಲುಪಿಲ್ಲ ಎಂದು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯ ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ನೇರವಾಗಿ ಬರೆದ. ಮುಂದಿನವರು ಅದಕ್ಕೂ ಬೇರೊಂದು ಬಗೆಯ ಸಂಖ್ಯೆ ಕಂಡುಕೊಂಡರು, ಅದು ಬೇರೆ ಕಥೆ. ತನಗೆ ಸಿಕ್ಕಿದ್ದು ಸಿಕ್ಕಿದೆ, ಸಿಗದ್ದು ಸಿಕ್ಕಿಲ್ಲ ಎಂದು ಅವನು ಹೇಳಿದ ರೀತಿ ನನಗೆ ಮುಖ್ಯ.

ಒಂದು ಸಣ್ಣ ಪರೀಕ್ಷೆ ನೀವೂ ಮಾಡಬಹುದು. ಮಾಮನ ಅಂಗಡಿಯಲ್ಲಿರುವಂಥ ಅಗ್ಗದ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ 2 ಒತ್ತಿ √ ಒತ್ತಿ. 1.4142135 ಬರುತ್ತದೆ. ಅದನ್ನು ಅದರಿಂದಲೇ ಗುಣಿಸಿ. 2 ಬರುವುದಿಲ್ಲ, 1.9999998 ಬರುತ್ತದೆ. ನಾವು ಇಂಜಿನಿಯರಿಂಗಿನಲ್ಲಿ ಬಳಸಿದ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಇದನ್ನೇ ಮಾಡಿದರೆ ಅಚ್ಚುಕಟ್ಟಾಗಿ 2 ಬರುತ್ತದೆ. ಅದು ಪರದೆಗೆ ಕಾಣದ ಕೆಲವು ಅಂಕಿಗಳನ್ನು ಒಳಗೆ ಇಟ್ಟುಕೊಂಡು ಕೊನೆಗೆ ದುಂಡಗೆ ಮಾಡಿ ತೋರಿಸುತ್ತದೆ. ಪರದೆಯಲ್ಲಿ ಕಂಡ 1.414213562 ಅನ್ನೇ ಕೈಯಾರೆ ಒತ್ತಿ ವರ್ಗ ಮಾಡಿದರೆ ಅದರ ಗುಟ್ಟು ಹೊರಬೀಳುತ್ತದೆ: 1.999999999. ಕೆಲಸಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರೇ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಅಗ್ಗದ್ದು ತನ್ನ ಕೊರತೆಯನ್ನು ಮುಚ್ಚಿಡಲಾರದು. ನಾವು ಓದಿ ಪಟ್ಟಣ ಸೇರಿದವರು ಬಹುಪಾಲು ಎರಡನೆಯ ಜಾತಿಯ ಯಂತ್ರಗಳು. ಒಳಗಿನ ಅಂಕಿ ನಮಗೆ ಗೊತ್ತಿರುತ್ತದೆ, ಪರದೆಯಲ್ಲಿ ಚೆಂದದ್ದನ್ನು ತೋರಿಸುತ್ತೇವೆ.

ಶಾಲೆಯಲ್ಲಿ ನಮಗೆ ಕೊಟ್ಟದ್ದೆಲ್ಲ 144, 625, 1024. ಮೂಲ ತೆಗೆದರೆ ಪೂರ್ಣಾಂಕ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546372891. ಬೆರಗಾಗಲೇಬೇಕಾದ ಸಾಧನೆ. ಆದರೆ ಅಲ್ಲಿಯೂ ಉತ್ತರ ಪೂರ್ಣಾಂಕವೇ. ಬದುಕು ಕೊಡುವ ಸಂಖ್ಯೆಗಳು ಹಾಗಿರುವುದಿಲ್ಲ. ಅವುಗಳ ಮೂಲ ತೆಗೆಯುವಾಗ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಎಲ್ಲಿ ನಿಂತೆ, ಎಷ್ಟು ಬಿಟ್ಟೆ ಎಂದು ಹೇಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಇಲ್ಲೊಂದು ತೊಡಕೂ ಇದೆ. ನಾನು ಹೇಳಬೇಕಿದ್ದ ಶೇ. 5.83 ಎಂಬುದಾದರೂ ಪೂರ್ತಿ ನಿಜವೇ? ಆ ನಾಲ್ಕು ವರ್ಷದಲ್ಲಿ ಒಂದು ವರ್ಷವೂ ಹಣ ಅಷ್ಟು ಬೆಳೆಯಲಿಲ್ಲ. ಒಮ್ಮೆ ಅರವತ್ತು ಹಾರಿತು, ಒಮ್ಮೆ ಮೂವತ್ತು ಬಿತ್ತು. ಮೂಲವೂ ಒಂದು ಕಲ್ಪನೆಯೇ, ನೆಟ್ಟಗೆ ನಡೆದಿದ್ದರೆ ಎಷ್ಟು ವೇಗದಲ್ಲಿ ಇಲ್ಲಿಗೆ ಬರುತ್ತಿದ್ದೆವು ಎಂಬ ಕಲ್ಪನೆ. ಹಾಗಿದ್ದರೆ ಸರಾಸರಿಗೂ ಇದಕ್ಕೂ ವ್ಯತ್ಯಾಸವೇನು? ನನಗೆ ಹೊಳೆದದ್ದು ಇಷ್ಟು. ಹೊರಟ ಐದು ಲಕ್ಷವನ್ನು ಮೂಲದ ದರದಲ್ಲಿ ನಾಲ್ಕು ವರ್ಷ ನಡೆಸಿದರೆ, ಬಿಟ್ಟ ಚಿಲ್ಲರೆ ಬಿಟ್ಟು, ನಿಜವಾಗಿ ತಲುಪಿದ 6,27,200 ರೂಪಾಯಿಗೇ ಬಂದು ನಿಲ್ಲುತ್ತದೆ. ಸರಾಸರಿಯ ಹದಿನೈದರಲ್ಲಿ ನಡೆಸಿದರೆ ಎಂಟು ಲಕ್ಷ ಎಪ್ಪತ್ತನಾಲ್ಕು ಸಾವಿರ ದಾಟುತ್ತದೆ, ಯಾರೂ ಕಾಣದ ಊರು ಅದು. ಮೂಲ ದಾರಿಯ ಬಗ್ಗೆ ಎಲ್ಲವನ್ನೂ ಹೇಳುವುದಿಲ್ಲ, ಆದರೆ ಹೊರಟ ಜಾಗಕ್ಕೂ ಸೇರಿದ ಜಾಗಕ್ಕೂ ನಿಷ್ಠವಾಗಿರುತ್ತದೆ. ಮುಂದಿನ ವರ್ಷದ ಬಗ್ಗೆ ಅದೂ ಭರವಸೆ ಕೊಡುವುದಿಲ್ಲ. ಹಾಗಾಗಿ ಮೂಲ ಹೇಳಿದರೂ ಮುಗಿಯಲಿಲ್ಲ. ಮೂವತ್ತು ಬೀಳುವ ವರ್ಷವೂ ಇದೆ, ನಿನ್ನ ಮಗಳ ಫೀ ಆ ವರ್ಷವೇ ಬರಬಹುದು ಎಂಬ 'ಸವಿಶೇಷ'ವನ್ನೂ ಸೇರಿಸಿ ಹೇಳಬೇಕಿತ್ತು.

ಜಾಹೀರಾತಿನಲ್ಲಿ ಏನು ಬರೆಯಬೇಕು ಎಂಬುದಕ್ಕೆ ನಿಯಮಗಳಿವೆ. ಹಬ್ಬಕ್ಕೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಆಡುವ ಮಾತಿನ ತನಕ ಯಾವ ನಿಯಮ ಬರುತ್ತದೆ? ಪುಣೆ, ಮುಂಬೈ, ಹೈದರಾಬಾದಿನಲ್ಲಿ ನಾವು ಸಾವಿರಾರು ನೌಕರರಲ್ಲಿ ಒಬ್ಬರು. ಊರಿನ ಬಸ್ಸಿಳಿದ ಕೂಡಲೇ ತಿಳಿದವರಾಗಿಬಿಡುತ್ತೇವೆ. ಯಾವ ಕಾಲೇಜು, ಯಾವ ಆಸ್ಪತ್ರೆ, ಯಾವ ಫಂಡು ಎಂದು ಕೇಳುತ್ತಾರೆ. ನಮ್ಮ ಮಾತಿಗೆ ಅಲ್ಲಿ ಸಿಗುವ ತೂಕ ನಾವು ಗಳಿಸಿದ್ದಲ್ಲ. ನನ್ನ ಮಾಮ ಫಂಡನ್ನು ನಂಬಲಿಲ್ಲ, ತಂಗಿಯ ಮಗನನ್ನು ನಂಬಿದ. ಆ ಸಂಜೆ ನಾನು ಹದಿನೈದು ಎಂದದ್ದು ಕಮಿಷನ್ನಿಗಲ್ಲ, ನನಗೆ ಒಂದು ಪೈಸೆ ಬರುತ್ತಿರಲಿಲ್ಲ. ದೊಡ್ಡ ಅಂಕಿ ಹೇಳಿದಾಗ ಅವನ ಕಣ್ಣಿನಲ್ಲಿ ನಾನು ದೊಡ್ಡವನಾಗುತ್ತಿದ್ದೆ, ಅಷ್ಟಕ್ಕೇ.

*

"ಗೊತ್ತಿತ್ತು" ಎಂದ ಮೇಲೆ ನಲವತ್ತೈದು ಸಾವಿರ ನಾನು ಕೊಡುತ್ತೇನೆ ಎಂದೆ. ಮಾಮ ಬೇಡವೆಂದ. "ರೊಕ್ಕದ ಮಾತು ಬ್ಯಾರೆ. ಆವತ್ತ ಈ ಗುಂಡಿ ಒತ್ತಿ ತೋರಿಸಿದ್ರ ಸಾಕಿತ್ತು" ಎಂದ. ಬಡ್ಡಿಯ ಸಾಲವನ್ನು ತೀರಿಸಲು ಮಾತ್ರ ಅತ್ತೆಯ ಮೂಲಕ ಒಪ್ಪಿಸಿದೆ. ಅದರಿಂದ ಲೆಕ್ಕ ಚುಕ್ತಾ ಆಯಿತೆಂದು ನನಗೆ ಅನಿಸಿಲ್ಲ.

ಅವತ್ತು ಹೊರಡುವ ಮುನ್ನ ಅವನು ಇನ್ನೊಂದು ಕೇಳಿದ. ಎರಡು ವರ್ಷಕ್ಕೆ ಒಂದು ಸಲ ಒತ್ತಿದೆ, ನಾಲ್ಕು ವರ್ಷಕ್ಕೆ ಎರಡು ಸಲ ಎಂದೆ. ಮೂರು ವರ್ಷವಾದರೆ? ಒಳ್ಳೆಯ ಪ್ರಶ್ನೆ. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಘನಮೂಲದ ಗುಂಡಿ ಇರುವುದಿಲ್ಲ. ಆದರೆ ದಾರಿ ಇದೆ. ಐದು ಲಕ್ಷ ಮೂರು ವರ್ಷದಲ್ಲಿ ಆರು ಲಕ್ಷವಾಯಿತು ಎಂದುಕೊಳ್ಳಿ, ಅಂದರೆ 1.2 ಪಟ್ಟು. ಮನಸ್ಸಿಗೆ ತೋಚಿದ ಒಂದು ಸಂಖ್ಯೆ ಹಿಡಿಯಿರಿ, 1 ಎನ್ನೋಣ. 1.2ರಿಂದ ಗುಣಿಸಿ √ ಎರಡು ಸಲ ಒತ್ತಿ: 1.0466. ಬಂದದ್ದನ್ನು ಮತ್ತೆ 1.2ರಿಂದ ಗುಣಿಸಿ ಮತ್ತೆ ಎರಡು ಸಲ ಒತ್ತಿ: 1.0586. ಹಾಗೇ ಮುಂದೆ 1.0616, 1.0624, 1.0625. ಕೊನೆಗೆ 1.0626ರಲ್ಲಿ ನಿಲ್ಲುತ್ತದೆ. ವರ್ಷಕ್ಕೆ ಶೇ. 6.26ರ ಸುಮಾರು. ಗುಟ್ಟೇನೆಂದರೆ, ಒಂದು ಸಂಖ್ಯೆಯನ್ನು 1.2ರಿಂದ ಗುಣಿಸಿ ಎರಡು ಸಲ ವರ್ಗಮೂಲ ತೆಗೆದರೂ ಅದು ಬದಲಾಗದೇ ನಿಂತರೆ, ಅದರ ನಾಲ್ಕನೆಯ ಘಾತ ಅದನ್ನೇ 1.2ರಿಂದ ಗುಣಿಸಿದ್ದಕ್ಕೆ ಸಮ. ಎರಡೂ ಕಡೆಯಿಂದ ಆ ಸಂಖ್ಯೆಯನ್ನು ಒಂದೊಂದು ಸಲ ತೆಗೆದರೆ ಅದರ ಘನ 1.2.

ಮಾಮ ನಂಬಲಿಲ್ಲ. ಬೇಕೆಂದೇ 50ರಿಂದ ಶುರು ಮಾಡಿದ. 2.78 ಬಂತು, ಆಮೇಲೆ 1.35, ಆಮೇಲೆ 1.13, 1.08. ಅವನ ಬೆರಳಿಗೆ ರೂಢಿಯಾಗುವಷ್ಟರಲ್ಲಿ ಅದೂ 1.0626ಕ್ಕೆ ಬಂದು ಕುಳಿತಿತು. ಎಷ್ಟು ತಪ್ಪಾಗಿ ಶುರು ಮಾಡಿದರೂ ಪ್ರತಿ ಸಲ ಆ ನಿಜವಾದ 1.2ರ ಹತ್ತಿರ ಹೋಗಿ ಬಂದರೆ ಸಾಕು, ತಪ್ಪು ಸುಮಾರು ಕಾಲು ಭಾಗವಾಗುತ್ತಾ ಹೋಗುತ್ತದೆ. ಸೊನ್ನೆಯಿಂದ ಹೊರಟರೆ ಮಾತ್ರ ಎಷ್ಟು ಒತ್ತಿದರೂ ಸೊನ್ನೆಯೇ.

ಈಗ ಊರಿನಿಂದ ಯಾರಾದರೂ ಫೋನ್ ಮಾಡಿ ಫಂಡಿನ ಬಗ್ಗೆ ಕೇಳಿದರೆ ನಾನು ಅಂಕಿ ಹೇಳುವುದಿಲ್ಲ. ಎಷ್ಟು ಹಾಕಿದ್ದರು, ಎಷ್ಟಾಯಿತು, ಎಷ್ಟು ವರ್ಷ ಎಂದು ಕೊಡುತ್ತೇನೆ, ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಲು ಹೇಳುತ್ತೇನೆ, ಗುಂಡಿ ಅವರೇ ಒತ್ತುತ್ತಾರೆ. ಮೊನ್ನೆ ಚಿಕ್ಕಪ್ಪನ ಮಗ ಒತ್ತಿ ನೋಡಿ ಕೇಳಿದ, "ಅಣ್ಣಾ, ಇಷ್ಟ ಏನು?"

"ಹೂಂ, ಇಷ್ಟೇ" ಎಂದೆ. "ಇದು ಹಿಂದಿಂದು. ಮುಂದಿಂದು ನನಗೂ ಗೊತ್ತಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಅವನ ಕಣ್ಣಿನಲ್ಲಿ ನಾನು ಕೊಂಚ ಸಣ್ಣವನಾಗಿರಬೇಕು. ಮಾಮನ ಅಂಗಡಿಯಲ್ಲಿ ಈಗ ಆ √ ಗುಂಡಿಯ ಬಣ್ಣ ಕೂಡ ಸವೆಯಲು ಶುರುವಾಗಿದೆಯಂತೆ. ಅತ್ತೆ ಫೋನಿನಲ್ಲಿ ಹೇಳಿದಳು: ಚೀಟಿ ವ್ಯವಹಾರದವರು, ಫಂಡಿನವರು ಯಾರು ಬಂದರೂ ಅವರ ಮುಂದೆಯೇ ಒತ್ತಿ ತೋರಿಸುತ್ತಾನಂತೆ.